ಹದಿನಾರು ಮಕ್ಕಳು ಕಲಿಸಿದ ಪಾಠ



ಪವಿತ್ರ ಕುರ್‌ಆನಿನ ಎಂಬತ್ತನೆಯ ಅಧ್ಯಾಯ ‘ಅಬಸ’ದ ಹಿನ್ನೆಲೆಯನ್ನು ನೀವು ಮದ್ರಸದಲ್ಲಿಯೇ ಕೇಳಿರುತ್ತೀರಿ. ಪ್ರವಾದಿವರ್ಯರು(ಸ) ಕುರೈಶ್ ಪ್ರಮುಖರೊಂದಿಗೆ ಮಾತುಕತೆಯಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಅಲ್ಲಿಗೆ ಬಂದರು. ಆ ಹೊತ್ತಿನಲ್ಲಿ ಅವರ ಕಡೆಗೆ ಗಮನ ಹರಿಯಲಿಲ್ಲ. ಆ ಕುರಿತು ಅಲ್ಲಾಹನ ಕಡೆಯಿಂದ ಎಚ್ಚರಿಕೆಯ ವಚನಗಳು ಅವತೀರ್ಣವಾದವು. ಮುಂದೆ ಇದೇ ಸಹಾಬಿವರ್ಯರು ಮದೀನಾದಲ್ಲಿ ಬಿಲಾಲ್(ರ) ಅವರೊಂದಿಗೆ ಅಝಾನ್ ಕೊಡುವ ಹೊಣೆ ಹೊತ್ತರು. ಪ್ರವಾದಿವರ್ಯರು(ಸ) ಊರಿನಲ್ಲಿಲ್ಲದಾಗ ಮದೀನಾದ ಉಸ್ತುವಾರಿಯೂ ಅವರ ಪಾಲಿಗೆ ಬಂತು.

ಈ ಘಟನೆಯನ್ನು ನಾವು ವಅಳ್‌ಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಕಲಿಯಲು ಬಂದವರನ್ನು ‘ಇವನಿಂದಾಗದು’ ಎಂದು ಹಿಂದಕ್ಕೆ ಕಳುಹಿಸುವ ಅಭ್ಯಾಸ ಮಾತ್ರ ಜಗತ್ತಿನಿಂದ ಹೋಗಿಲ್ಲ, ನಮ್ಮಿಂದಲೂ ಹೋಗಿಲ್ಲ. ಈ ಅಭ್ಯಾಸವೇ ಒಂದು ದೇಶದಲ್ಲಿ ಕಾನೂನಾಗಿತ್ತು. ಒಬ್ಬ ಮನಶ್ಶಾಸ್ತ್ರಜ್ಞರು ಸುಮಾರು ಮೂವತ್ತು ವರ್ಷಗಳ ಕಾಲ ತಾಳ್ಮೆಯಿಂದ ಸಂಶೋಧನೆ ನಡೆಸಿ, ಆ ಕಾನೂನಿನ ತಳಹದಿಯೇ ತಪ್ಪೆಂದು ತೋರಿಸಿದವರಲ್ಲಿ ಮುಖ್ಯರಾದರು. ಅವರ ಹೆಸರು ಜಾಕ್ ಟಿಜಾರ್ಡ್. ನಮ್ಮಲ್ಲಿ ಈ ಹೆಸರು ಕೇಳಿದವರು ಕಡಿಮೆ. ಆದರೆ ‘ವಿಶೇಷ ಅಗತ್ಯವುಳ್ಳ ಮಕ್ಕಳು’, ‘ಸಮನ್ವಯ ಶಿಕ್ಷಣ’ ಎಂದು ಇಂದು ನಾವು ಬಳಸುವ ಮಾತುಗಳ ಹಿಂದೆ ಅವರಂಥವರ ದುಡಿಮೆಯಿದೆ. ಶಿಕ್ಷಕರಾಗಲಿರುವ ವಿದ್ಯಾರ್ಥಿಗಳೂ ಶಾಲೆ ನಡೆಸುವ ಸದಸ್ಯರೂ ಈ ಇತಿಹಾಸವನ್ನು ತಿಳಿದಿರಬೇಕು.

ಕಲಿಯಲಾರದವರು ಎಂಬ ಪಟ್ಟಿ

ಕಥೆ ಆರಂಭವಾಗುವುದು ಪ್ಯಾರಿಸ್ ನಗರದಲ್ಲಿ. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳಿಗೆ ಏನು ಮಾಡಬೇಕೆಂದು ಪರಿಶೀಲಿಸಲು ಫ್ರಾನ್ಸ್ ಸರಕಾರ 1904ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದರ ಸದಸ್ಯರಾಗಿದ್ದ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿ ಸಿಮೋನ್ ಅವರ ಜೊತೆ ಸೇರಿ 1905ರಲ್ಲಿ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸುವುದು ಅದರ ಉದ್ದೇಶ. ಬುದ್ಧಿಶಕ್ತಿ ಹುಟ್ಟಿನಿಂದಲೇ ಇಷ್ಟೆಂದು ನಿಗದಿಯಾದದ್ದು, ಅದನ್ನು ಬೆಳೆಸಲಾಗದು ಎಂಬ ವಾದವನ್ನು ಬಿನೆ ಸ್ವತಃ ಒಪ್ಪುತ್ತಿರಲಿಲ್ಲ. 1911ರಲ್ಲಿ ಅವರು ತೀರಿಕೊಂಡರು.

ಅವರ ಪರೀಕ್ಷೆ ಬೇರೆ ದೇಶಗಳಿಗೆ ಹೋದಾಗ ಉದ್ದೇಶ ಬದಲಾಯಿತು. ನೆರವು ಬೇಕಾದವರನ್ನು ಹುಡುಕಲು ಮಾಡಿದ ಅಳತೆಗೋಲು ಮಕ್ಕಳನ್ನು ಹೊರಗಿಡುವ ಅಳತೆಗೋಲಾಯಿತು. ಬ್ರಿಟನ್ನಿನಲ್ಲಿ 1913ರ ಒಂದು ಕಾಯ್ದೆ ಬುದ್ಧಿಮಾಂದ್ಯರನ್ನು ದರ್ಜೆಗಳಾಗಿ ವಿಂಗಡಿಸಿತು. ಆ ಕಾಯ್ದೆ ಬಳಸಿದ ಪದಗಳು ಇಂದು ಬೈಗುಳಗಳಾಗಿ ಮಾತ್ರ ಉಳಿದಿವೆ. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಿಗೆ ಪ್ರಸಿದ್ಧವಾದ ಶಿಕ್ಷಣ ಕಾಯ್ದೆ ಬಂತು. ಎಲ್ಲರಿಗೂ ಉಚಿತ ಪ್ರೌಢಶಿಕ್ಷಣ ಕೊಟ್ಟ ಕಾಯ್ದೆಯೆಂದು ಅದಕ್ಕೆ ಒಳ್ಳೆಯ ಹೆಸರಿದೆ. ಆದರೆ ಅದರಲ್ಲಿಯೇ ಇನ್ನೊಂದು ಕಲಮು ಇತ್ತು. ಒಂದು ಮಗು ಶಾಲೆಯಲ್ಲಿ ಶಿಕ್ಷಣ ಪಡೆಯಲು ಅಸಮರ್ಥ ಎಂದು ವೈದ್ಯರ ಪರೀಕ್ಷೆಯ ನಂತರ ತೀರ್ಮಾನಿಸಲು ಅದು ಅವಕಾಶ ಕೊಟ್ಟಿತು. ಹಾಗೆ ತೀರ್ಮಾನವಾದ ಮಗು ಶಿಕ್ಷಣ ಇಲಾಖೆಯ ಕೈಬಿಟ್ಟು ಆರೋಗ್ಯ ಇಲಾಖೆಯ ಪಾಲಿಗೆ ಹೋಗುತ್ತಿತ್ತು. ಸಾಮಾನ್ಯವಾಗಿ ಬುದ್ಧಿ ಸೂಚ್ಯಂಕ ಐವತ್ತಕ್ಕಿಂತ ಕಡಿಮೆ ಬಂದವರಿಗೆ ಇದೇ ಗತಿ.

ತಂದೆತಾಯಿಗೆ ಒಂದು ಸರಕಾರಿ ಪತ್ರ ಬರುತ್ತಿತ್ತು. ಆ ಪತ್ರ ಬಂದ ಮೇಲೆ ಉಳಿಯುತ್ತಿದ್ದ ದಾರಿಗಳು ಮೂರು. ಮಗುವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವುದು, ಹೊತ್ತು ಕಳೆಯಲು ಏನಾದರೂ ಕೈಕೆಲಸ ಮಾಡಿಸುವ ಕೇಂದ್ರಕ್ಕೆ ಕಳುಹಿಸುವುದು, ಇಲ್ಲವೇ ನೂರಾರು ಮಂದಿ ಇರುವ ದೊಡ್ಡ ಆಸ್ಪತ್ರೆಯಲ್ಲಿ ಬಿಡುವುದು. ಆಸ್ಪತ್ರೆ ಸೇರಿದ ಅನೇಕ ಮಕ್ಕಳು ಅಲ್ಲಿಯೇ ಮುದುಕರಾದರು. ಕಾಯಿಲೆಯಿಲ್ಲದ ಮಕ್ಕಳು ರೋಗಿಗಳೆಂದು ಕರೆಸಿಕೊಂಡು ಬದುಕಿದರು.

ಇದನ್ನು ಮೊದಲು ಪ್ರಶ್ನಿಸಿದವರು ತಾಯಂದಿರು. 1946ರಲ್ಲಿ ಜೂಡಿ ಫ್ರೈಡ್ ಎಂಬ ತಾಯಿ ಮಕ್ಕಳ ಪಾಲನೆಯ ಕುರಿತಾದ ಪತ್ರಿಕೆಯೊಂದಕ್ಕೆ ಪತ್ರ ಬರೆದು, ತನ್ನಂತಹ ಹೆತ್ತವರು ಒಂದಾಗಬೇಕೆಂದು ಕೇಳಿಕೊಂಡರು. ಅವರ ಮಗಳಿಗೂ ಶಾಲೆಯ ಬಾಗಿಲು ಮುಚ್ಚಿತ್ತು. ಆ ಪತ್ರಕ್ಕೆ ಬಂದ ಉತ್ತರಗಳಿಂದ ಒಂದು ಸಂಘ ಹುಟ್ಟಿತು. ಇಂದು ಅದು ‘ಮೆನ್‌ಕ್ಯಾಪ್’ ಎಂಬ ಹೆಸರಿನ ದೊಡ್ಡ ಸಂಸ್ಥೆ. ಒಂದು ಸಂಘದ ವಾರ್ಷಿಕ ಸಂಚಿಕೆಯನ್ನು ಓದುತ್ತಿರುವ ನಾವು ಇದನ್ನು ಗಮನಿಸಬೇಕು. ಮುಂದೆ ಹೇಳಲಿರುವ ಪ್ರಯೋಗಕ್ಕೆ ಬೆನ್ನೆಲುಬಾಗಿ ನಿಂತದ್ದು ಇದೇ ಹೆತ್ತವರ ಸಂಘ.

ಜಾಕ್ ಟಿಜಾರ್ಡ್

ಟಿಜಾರ್ಡ್ ಹುಟ್ಟಿದ್ದು 1919ರಲ್ಲಿ ನ್ಯೂಜಿಲೆಂಡಿನಲ್ಲಿ. ಯುದ್ಧದ ನಂತರ ಇಂಗ್ಲೆಂಡಿಗೆ ಬಂದ ಅವರು 1948ರಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿದ್ದ ವೈದ್ಯಕೀಯ ಸಂಶೋಧನಾ ಮಂಡಳಿಯ ಘಟಕವೊಂದನ್ನು ಸೇರಿದರು. ಅಲ್ಲಿ ನೀಲ್ ಓಕಾನರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಜೊತೆ ಬುದ್ಧಿಮಾಂದ್ಯರ ಆಸ್ಪತ್ರೆಗಳಲ್ಲಿದ್ದ ದೊಡ್ಡವರ ಬಗ್ಗೆ ಅಧ್ಯಯನ ಕೈಗೊಂಡರು. ಅಲ್ಲಿದ್ದವರಲ್ಲಿ ಬಹಳ ಮಂದಿ ಹೊರಗೆ ದುಡಿದು ಬದುಕಬಲ್ಲವರೆಂದು ಅವರಿಗೆ ಕಂಡುಬಂತು. ಇಬ್ಬರೂ ಸೇರಿ ಬರೆದ ಪುಸ್ತಕ 1956ರಲ್ಲಿ ಪ್ರಕಟವಾಯಿತು.

ಅದೇ ವರ್ಷಗಳಲ್ಲಿ ಬೇರೆ ಸಂಶೋಧಕರೂ ಇದೇ ದಾರಿಯಲ್ಲಿದ್ದರು. ಅಲನ್ ಕ್ಲಾರ್ಕ್ ಮತ್ತು ಬಿಯಾಟೆ ಹರ್ಮೆಲಿನ್ ಅವರು 1955ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ತೀರಾ ಕಡಿಮೆ ಬುದ್ಧಿ ಸೂಚ್ಯಂಕದ ಕೆಲವರಿಗೆ ಅವರು ತಂತಿಗಳಿಗೆ ಬೆಸುಗೆ ಹಾಕುವುದು, ಸೈಕಲ್ ಪಂಪಿನ ಬಿಡಿಭಾಗಗಳನ್ನು ಜೋಡಿಸುವುದು ಮೊದಲಾದ ಕೆಲಸಗಳನ್ನು ಹಂತ ಹಂತವಾಗಿ ಕಲಿಸಿದರು. ಮೊದಲ ದಿನ ಅವರ ಕೈಗಳಿಗೆ ಏನೂ ಬಗ್ಗಲಿಲ್ಲ. ದಿನಗಳು ಕಳೆದಂತೆ ಅವರು ಕೆಲಸವನ್ನು ಚೆನ್ನಾಗಿಯೇ ಮಾಡತೊಡಗಿದರು.

ಈ ಎಲ್ಲ ಅಧ್ಯಯನಗಳಿಂದ ಒಂದು ವಿಷಯ ಸ್ಪಷ್ಟವಾಯಿತು. ಒಬ್ಬನು ಕಲಿಯಲು ಕುಳಿತ ಮೊದಲ ದಿನ ಎಷ್ಟು ಮಾಡುತ್ತಾನೆ ಎಂಬುದರಿಂದ, ಕಲಿಸಿದ ಮೇಲೆ ಅವನು ಎಷ್ಟು ಮಾಡಬಲ್ಲ ಎಂದು ಹೇಳಲಾಗದು. ಪರೀಕ್ಷೆ ತೋರಿಸುವುದು ಇಂದಿನ ಸ್ಥಿತಿಯನ್ನು. ನಾಳೆಯ ಸ್ಥಿತಿ ಕಲಿಸುವವರನ್ನೂ ಅವಲಂಬಿಸಿದೆ. ಓದುಗರೇ, ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಯಾವುದೆಂದು ಕೇಳಿದರೆ ಇದೇ.

ಬ್ರೂಕ್‌ಲ್ಯಾಂಡ್ಸ್ ಮನೆ

ದೊಡ್ಡವರ ಮಾತು ಹಾಗಿರಲಿ, ಮಕ್ಕಳ ಗತಿಯೇನು? ದಕ್ಷಿಣ ಲಂಡನ್ನಿನಲ್ಲಿ ಫೌಂಟನ್ ಆಸ್ಪತ್ರೆ ಎಂಬುದೊಂದಿತ್ತು. ಕೆಂಪುಜ್ವರದ ರೋಗಿಗಳಿಗಾಗಿ 1893ರಲ್ಲಿ ಅವಸರದಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದ ಅದು ನಂತರ ತೀವ್ರ ಬುದ್ಧಿಮಾಂದ್ಯ ಮಕ್ಕಳ ಆಸ್ಪತ್ರೆಯಾಗಿ ಅರ್ಧ ಶತಮಾನ ನಡೆಯಿತು. ದಾದಿಯರು ಮಕ್ಕಳನ್ನು ತೊಳೆದು, ಉಣಿಸಿ, ಮಲಗಿಸುವುದರಲ್ಲಿಯೇ ದಿನ ಮುಗಿಯುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಒಂದೊಂದು ಮಗುವಿನ ಜೊತೆ ಕುಳಿತು ಮಾತನಾಡಲು ಅವರಿಗೆ ಪುರಸೊತ್ತೂ ಇರಲಿಲ್ಲ, ಅದು ತಮ್ಮ ಕೆಲಸವೆಂದು ಯಾರೂ ಅವರಿಗೆ ಹೇಳಿರಲೂ ಇಲ್ಲ.

1958ರಲ್ಲಿ ಟಿಜಾರ್ಡ್ ಅಲ್ಲಿಂದ ಹದಿನಾರು ಮಕ್ಕಳನ್ನು ಆರಿಸಿದರು. ಪ್ರತಿಯೊಂದು ಮಗುವಿಗೂ ಸರಿಜೋಡಿಯಾಗಿ, ವಯಸ್ಸು, ಬುದ್ಧಿಮಟ್ಟ, ತೊಂದರೆಯ ಬಗೆ ಎಲ್ಲವೂ ಆದಷ್ಟು ಹೊಂದುವಂತೆ, ಇನ್ನೊಂದು ಮಗುವನ್ನು ಗುರುತಿಸಿದರು. ಮೊದಲ ಹದಿನಾರು ಮಂದಿಯನ್ನು ಸರ್ರೆ ಪ್ರಾಂತದ ಬ್ರೂಕ್‌ಲ್ಯಾಂಡ್ಸ್ ಎಂಬ ತೋಟದ ಮನೆಗೆ ಕರೆತಂದರು. ಎರಡನೆಯ ಹದಿನಾರು ಮಂದಿ ಆಸ್ಪತ್ರೆಯಲ್ಲಿಯೇ ಉಳಿದರು. ಎರಡು ವರ್ಷಗಳ ನಂತರ ಇಬ್ಬರಲ್ಲಿ ಆದ ವ್ಯತ್ಯಾಸವನ್ನು ಅಳೆಯುವುದು ಯೋಜನೆ. ಮಕ್ಕಳ ಮಾತಿನ ಬೆಳವಣಿಗೆಯನ್ನು ಲೈಲ್ ಎಂಬ ಸಂಶೋಧಕರು ಪರೀಕ್ಷಿಸಿದರು.

ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವಿಶೇಷ ಔಷಧವಾಗಲಿ ಯಂತ್ರವಾಗಲಿ ಇರಲಿಲ್ಲ. ಮಕ್ಕಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ತಾಯಿಯಂತೆ ನೋಡಿಕೊಳ್ಳುವ ಒಬ್ಬ ಮಹಿಳೆಯನ್ನು ನೇಮಿಸಿದರು. ಸಾಮಾನ್ಯ ಶಿಶುವಿಹಾರದಲ್ಲಿ ನಡೆಯುವುದೇ ಅಲ್ಲಿಯೂ ನಡೆಯಿತು: ಮರಳು, ನೀರು, ಬಣ್ಣ, ಆಟದ ಸಾಮಾನು, ಹಾಡು, ಕಥೆ, ತೋಟದಲ್ಲಿ ಓಡಾಟ. ಏಳು ವರ್ಷದ ಮಗುವಿನ ಬುದ್ಧಿ ಮೂರು ವರ್ಷದ ಮಗುವಿನಷ್ಟಿದ್ದರೆ, ಮೂರು ವರ್ಷದ ಮಗುವಿಗೆ ಏನು ಬೇಕೋ ಅದನ್ನು ಕೊಡಬೇಕು ಎಂಬುದು ಟಿಜಾರ್ಡ್ ಅವರ ಸರಳ ಲೆಕ್ಕ.

ಆರಂಭದ ದಿನಗಳು ಸುಲಭವಾಗಿರಲಿಲ್ಲ. ಮಕ್ಕಳಿಗೆ ಆಡುವುದೇ ತಿಳಿದಿರಲಿಲ್ಲ. ಹಠ, ಅಳು, ದೊಡ್ಡವರಿಗೆ ಅಂಟಿಕೊಳ್ಳುವುದು, ಆಟದ ಸಾಮಾನು ಎಸೆಯುವುದು ನಡೆಯುತ್ತಿತ್ತು. ನಿಧಾನವಾಗಿ ಅವರು ಒಬ್ಬರೊಂದಿಗೊಬ್ಬರು ಆಡತೊಡಗಿದರು, ಮಾತನಾಡತೊಡಗಿದರು, ಒಂದು ಕೆಲಸದಲ್ಲಿ ಮನಸ್ಸಿಟ್ಟು ಕೂರಲು ಕಲಿತರು.

ಎರಡು ವರ್ಷಗಳ ಕೊನೆಗೆ ಲೆಕ್ಕ ಹಾಕಿದಾಗ, ಭಾಷೆಗೆ ಸಂಬಂಧಿಸಿದ ಪರೀಕ್ಷೆಗಳಲ್ಲಿ ಆಸ್ಪತ್ರೆಯ ಮಕ್ಕಳು ಸರಾಸರಿ 6 ತಿಂಗಳಷ್ಟು ಮುಂದೆ ಬಂದಿದ್ದರೆ, ಬ್ರೂಕ್‌ಲ್ಯಾಂಡ್ಸ್ ಮಕ್ಕಳು ಸರಾಸರಿ 14 ತಿಂಗಳಷ್ಟು ಮುಂದೆ ಬಂದಿದ್ದರು. ಮಾತಿಗೆ ಸಂಬಂಧಿಸದ ಪರೀಕ್ಷೆಗಳಲ್ಲಿ ಇಂತಹ ವ್ಯತ್ಯಾಸ ಕಾಣಲಿಲ್ಲ. ಟಿಜಾರ್ಡ್ ಇದನ್ನು ಮುಚ್ಚಿಡಲಿಲ್ಲ. ಆ ಮಕ್ಕಳು ಬುದ್ಧಿಮಾಂದ್ಯರಾಗಿಯೇ ಉಳಿದರು, ಪವಾಡವೇನೂ ನಡೆಯಲಿಲ್ಲ. ಆದರೆ ಅದೇ ಮಕ್ಕಳಿಂದ ಆಸ್ಪತ್ರೆ ಏನನ್ನು ಕಸಿದುಕೊಂಡಿತ್ತು ಎಂಬುದು ಮಾತ್ರ ಎಲ್ಲರಿಗೂ ಕಾಣಿಸಿತು. ಮಾತನಾಡಿಸುವವರಿಲ್ಲದೆ ಬೆಳೆದ ಮಗುವಿಗೆ ಮಾತು ಬಾರದಿದ್ದರೆ ಅದನ್ನು ಮಗುವಿನ ಕೊರತೆಯೆಂದು ಹೇಗೆ ಹೇಳುವುದು?

1964ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಟಿಜಾರ್ಡ್ ಈ ಪ್ರಯೋಗದ ವಿವರವನ್ನು ಕೊಟ್ಟರು. ಅದೇ ವರ್ಷ ಅವರು ಲಂಡನ್ ವಿಶ್ವವಿದ್ಯಾನಿಲಯದ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಕಟ್ಟಡವಲ್ಲ, ನಡೆಸುವ ರೀತಿ

ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮಕ್ಕಳು ಕಡಿಮೆ, ನೋಡಿಕೊಳ್ಳುವವರು ಹೆಚ್ಚು, ಹಾಗಾಗಿ ಯಶಸ್ಸು ಬಂತು ಎಂದು ಯಾರಾದರೂ ಹೇಳಬಹುದಲ್ಲವೇ? ಈ ಪ್ರಶ್ನೆಗೂ ಟಿಜಾರ್ಡ್ ಉತ್ತರ ಹುಡುಕಿದರು. ಕಿಂಗ್ ಮತ್ತು ರೇನ್ಸ್ ಎಂಬ ಸಹೋದ್ಯೋಗಿಗಳ ಜೊತೆ ಅವರು ಮಕ್ಕಳ ಆಸ್ಪತ್ರೆಗಳನ್ನೂ ವಸತಿಗೃಹಗಳನ್ನೂ ಹೋಲಿಸಿ ನೋಡಿದರು. ಅವರು ಕೇಳಿದ ಪ್ರಶ್ನೆಗಳು ತೀರಾ ಸಾಮಾನ್ಯವಾದವು. ರಜಾದಿನದಲ್ಲಿಯೂ ಮಕ್ಕಳನ್ನು ಅದೇ ಹೊತ್ತಿಗೆ ಎಬ್ಬಿಸುತ್ತೀರಾ? ಸ್ನಾನಕ್ಕೆ ಸಾಲಿನಲ್ಲಿ ನಿಲ್ಲಿಸುತ್ತೀರಾ? ಮಗುವಿಗೆ ತನ್ನದೇ ಬಟ್ಟೆ, ತನ್ನದೇ ಆಟದ ಸಾಮಾನು ಇದೆಯೇ? ನೋಡಿಕೊಳ್ಳುವವರು ಮಕ್ಕಳ ಜೊತೆ ಕುಳಿತು ಊಟ ಮಾಡುತ್ತಾರೆಯೇ?

1971ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಸಂಸ್ಥೆಯ ಗಾತ್ರವಾಗಲಿ ಸಿಬ್ಬಂದಿಯ ಸಂಖ್ಯೆಯಾಗಲಿ ಮುಖ್ಯ ಕಾರಣವಾಗಿರಲಿಲ್ಲ. ಉಸ್ತುವಾರಿ ಹೊತ್ತವರಿಗೆ ಎಷ್ಟು ಸ್ವಾತಂತ್ರ್ಯವಿದೆ, ಅವರು ಯಾವ ತರಬೇತಿ ಪಡೆದಿದ್ದಾರೆ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗುತ್ತಿತ್ತು. ಮಕ್ಕಳ ಪಾಲನೆಯ ತರಬೇತಿ ಪಡೆದವರು ಮಕ್ಕಳ ಜೊತೆ ಹೆಚ್ಚು ಮಾತನಾಡುತ್ತಿದ್ದರು. ಹಾಸ್ಟೆಲ್, ಯತೀಮ್‌ಖಾನೆ, ವಸತಿ ಶಾಲೆಗಳನ್ನು ನಡೆಸುವ ನಮ್ಮ ಸದಸ್ಯರು ಮೇಲಿನ ನಾಲ್ಕು ಪ್ರಶ್ನೆಗಳನ್ನು ತಮ್ಮ ಸಂಸ್ಥೆಗೂ ಒಮ್ಮೆ ಕೇಳಿಕೊಂಡರೆ ಒಳ್ಳೆಯದು.

ಒಂದು ದ್ವೀಪದ ಮಕ್ಕಳು

ಇಷ್ಟರವರೆಗಿನ ಅಧ್ಯಯನಗಳು ಆಸ್ಪತ್ರೆ ಸೇರಿದವರನ್ನು ಕುರಿತಾದವು. ಹಾಗಾದರೆ ಸಾಮಾನ್ಯ ಶಾಲೆಗಳಲ್ಲಿ ಕುಳಿತಿರುವ ಮಕ್ಕಳಲ್ಲಿ ಎಷ್ಟು ಮಂದಿಗೆ ತೊಂದರೆಯಿದೆ? ಇದನ್ನು ತಿಳಿಯಲು ಮನೋವೈದ್ಯ ಮೈಕೆಲ್ ರಟರ್, ವೈದ್ಯ ಕಿಂಗ್ಸ್ಲಿ ವಿಟ್ಮೋರ್ ಮತ್ತು ಟಿಜಾರ್ಡ್ ಮೂವರೂ ಸೇರಿ 1964 ಮತ್ತು 1965ರಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ ಸಮೀಕ್ಷೆ ನಡೆಸಿದರು. ಒಂಬತ್ತರಿಂದ ಹನ್ನೊಂದು ವರ್ಷದ, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿ ಒಳಗೊಂಡಿದ್ದರು. ಮೊದಲು ಎಲ್ಲರಿಗೂ ಸಾಮೂಹಿಕ ಪರೀಕ್ಷೆ, ಶಿಕ್ಷಕರಿಗೂ ಹೆತ್ತವರಿಗೂ ಪ್ರಶ್ನಾವಳಿ. ಅದರಲ್ಲಿ ಸಂಶಯ ಬಂದವರಿಗೆ ಒಬ್ಬೊಬ್ಬರನ್ನಾಗಿ ಪರೀಕ್ಷೆ.

ಫಲಿತಾಂಶ ಹಲವರ ಕಣ್ಣು ತೆರೆಸಿತು. ಸುಮಾರು ಆರರಲ್ಲಿ ಒಂದು ಮಗುವಿಗೆ ಓದಿನಲ್ಲಿ, ಬುದ್ಧಿಯಲ್ಲಿ, ಮನಸ್ಸಿನಲ್ಲಿ ಅಥವಾ ದೇಹದಲ್ಲಿ ಗಣನೀಯವಾದ ತೊಂದರೆಯಿತ್ತು. ಕೆಲವರಿಗೆ ಒಂದಕ್ಕಿಂತ ಹೆಚ್ಚು. ಬುದ್ಧಿ ಸಾಕಷ್ಟಿದ್ದೂ ಓದಲು ಮಾತ್ರ ಬಾರದ ಮಕ್ಕಳು ಬೇರೆಯಾಗಿಯೇ ಗುರುತಾದರು. ಇಂತಹವರನ್ನೇ ನಾವು ‘ದಡ್ಡ’, ‘ಸೋಮಾರಿ’ ಎಂದು ಹಿಂದಿನ ಬೆಂಚಿಗೆ ಕಳುಹಿಸುವುದು. ಮುಂದೆ ಲಂಡನ್ ನಗರದೊಳಗಿನ ಒಂದು ಭಾಗದಲ್ಲಿ ಇದೇ ವಿಧಾನದಿಂದ ನೋಡಿದಾಗ ಓದಿನ ತೊಂದರೆ ದ್ವೀಪದಲ್ಲಿದ್ದುದರ ಎರಡು ಪಟ್ಟಿಗೂ ಹೆಚ್ಚಾಗಿ ಕಂಡಿತು. ಮಗು ಬೆಳೆಯುವ ಪರಿಸರಕ್ಕೂ ಇದರಲ್ಲಿ ಪಾಲಿದೆ ಎಂದಾಯಿತು.

ಇಷ್ಟೊಂದು ಮಕ್ಕಳನ್ನು ವಿಶೇಷ ಶಾಲೆಗಳಿಗೆ ಕಳುಹಿಸಲು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಹೆಚ್ಚಿನವರು ಸಾಮಾನ್ಯ ಶಾಲೆಯ ತರಗತಿಯಲ್ಲಿಯೇ ಕುಳಿತಿದ್ದರು. ಅವರಿಗೆ ಬೇಕಾದ ನೆರವು ಮಾತ್ರ ಅಲ್ಲಿರಲಿಲ್ಲ.

ಕಾನೂನು ಬದಲಾಯಿತು

ಹೆತ್ತವರ ಒತ್ತಾಯ, ಸಂಶೋಧಕರ ಪುರಾವೆ, ಆಸ್ಪತ್ರೆಗಳ ಹಗರಣಗಳ ಸುದ್ದಿ ಎಲ್ಲವೂ ಸೇರಿ 1970ರಲ್ಲಿ ಹೊಸ ಕಾಯ್ದೆ ಬಂತು. 1971ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಶಿಕ್ಷಣಕ್ಕೆ ಅನರ್ಹ’ ಎಂಬ ಮಗು ಕಾನೂನಿನ ಪ್ರಕಾರ ಇಲ್ಲವಾಯಿತು. ತರಬೇತಿ ಕೇಂದ್ರಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಇದ್ದ ಸುಮಾರು 32,000 ಮಕ್ಕಳು ಶಿಕ್ಷಣ ಇಲಾಖೆಯ ವ್ಯಾಪ್ತಿಗೆ ಬಂದರು.

ಆ ನಂತರ ತತ್ವಶಾಸ್ತ್ರಜ್ಞೆ ಮೇರಿ ವಾರ್ನಾಕ್ ಅವರ ಅಧ್ಯಕ್ಷತೆಯ ಸಮಿತಿ 1978ರಲ್ಲಿ ವರದಿ ಕೊಟ್ಟಿತು. ಮಕ್ಕಳನ್ನು ಅಂಗವೈಕಲ್ಯದ ಹೆಸರಿನಿಂದ ವಿಂಗಡಿಸುವುದನ್ನು ಬಿಟ್ಟು ‘ವಿಶೇಷ ಶೈಕ್ಷಣಿಕ ಅಗತ್ಯಗಳು’ ಎಂಬ ದೃಷ್ಟಿಯಿಂದ ನೋಡಬೇಕೆಂದು ಅದು ಹೇಳಿತು. ಐದರಲ್ಲಿ ಒಂದು ಮಗುವಿಗೆ ಶಾಲಾ ಜೀವನದ ಯಾವುದಾದರೊಂದು ಹಂತದಲ್ಲಿ ಇಂತಹ ನೆರವು ಬೇಕಾದೀತು ಎಂಬ ಅದರ ಅಂದಾಜಿಗೆ ಐಲ್ ಆಫ್ ವೈಟ್ ಸಮೀಕ್ಷೆಯೂ ಆಧಾರವಾಗಿತ್ತು. 1981ರ ಶಿಕ್ಷಣ ಕಾಯ್ದೆ ಇದನ್ನು ಜಾರಿಗೆ ತಂದಿತು. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾದಲ್ಲಿ ಯುನೆಸ್ಕೋ ನೆರವಿನಿಂದ ಸೇರಿದ ಸಮ್ಮೇಳನದಲ್ಲಿ 92 ಸರಕಾರಗಳ ಪ್ರತಿನಿಧಿಗಳು ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕೆಂದು ಘೋಷಿಸಿದರು.

ಆದರೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2005ರಲ್ಲಿ ಇದೇ ವಾರ್ನಾಕ್ ಅವರು, ನೆರವಿನ ಏರ್ಪಾಡಿಲ್ಲದೆ ಎಲ್ಲರನ್ನೂ ಒಂದೇ ಸೂರಿನಡಿ ಸೇರಿಸುವುದರಿಂದ ಕೆಲವು ಮಕ್ಕಳು ನೊಂದಿದ್ದಾರೆ, ಇದನ್ನು ಮರುಪರಿಶೀಲಿಸಬೇಕು ಎಂದು ಬರೆದರು. ಮಗುವನ್ನು ತರಗತಿಯ ಮೂಲೆಯಲ್ಲಿ ಕೂರಿಸಿದ ಮಾತ್ರಕ್ಕೆ ಅದು ಸಮನ್ವಯ ಶಿಕ್ಷಣವಾಗುವುದಿಲ್ಲ.

ತಾಯಿಯ ಮುಂದೆ ಓದಿದ ಮಕ್ಕಳು

ಟಿಜಾರ್ಡ್ ಅವರು 1973ರಲ್ಲಿ ಲಂಡನ್ನಿನಲ್ಲಿ ಥಾಮಸ್ ಕೋರಮ್ ಸಂಶೋಧನಾ ಘಟಕವನ್ನು ಸ್ಥಾಪಿಸಿದರು. ಅಲ್ಲಿ ನಡೆದ ಕೊನೆಯ ಕೆಲಸಗಳಲ್ಲಿ ಒಂದು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದೆ.

ಡ್ಯಾಗನ್‌ಹ್ಯಾಮ್ ಎಂಬಲ್ಲಿ ಕಾರ್ಮಿಕ ಕುಟುಂಬಗಳ ಮಕ್ಕಳನ್ನು ನೋಡಿದಾಗ, ಮನೆಯಲ್ಲಿ ತಾಯಿ ಮಗುವಿನ ಓದನ್ನು ಕೇಳಿಸಿಕೊಳ್ಳುತ್ತಾಳೆಯೇ ಇಲ್ಲವೇ ಎಂಬುದಕ್ಕೂ ಮಗುವಿನ ಓದಿನ ಮಟ್ಟಕ್ಕೂ ಬಲವಾದ ನಂಟು ಕಂಡಿತು. ಇದನ್ನು ಪರೀಕ್ಷಿಸಲು ಟಿಜಾರ್ಡ್, ಸ್ಕೋಫೀಲ್ಡ್ ಮತ್ತು ಜೆನ್ನಿ ಹ್ಯೂಯಿಸನ್ ಅವರು ಲಂಡನ್ನಿನ ಹ್ಯಾರಿಂಗೇ ಪ್ರದೇಶದ ಶಾಲೆಗಳಲ್ಲಿ ಎರಡು ವರ್ಷ ಪ್ರಯೋಗ ನಡೆಸಿದರು. ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದವರು ಹೆಚ್ಚಾಗಿರುವ ಜಾಗ ಅದು. ಕೆಲವು ತರಗತಿಗಳ ಮಕ್ಕಳಿಗೆ ಶಾಲೆಯಿಂದ ಪುಸ್ತಕ ಕೊಟ್ಟು, ಮನೆಯಲ್ಲಿ ಹೆತ್ತವರ ಮುಂದೆ ಓದಲು ಹೇಳಿದರು. ಸಂಶೋಧಕರು ಮನೆಗಳಿಗೆ ಹೋಗಿ ನೋಡಿ ಬರುತ್ತಿದ್ದರು. ಇನ್ನು ಕೆಲವು ತರಗತಿಗಳಿಗೆ ಹೆಚ್ಚುವರಿ ಶಿಕ್ಷಕಿಯನ್ನು ಕೊಟ್ಟರು.

1982ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹೆಚ್ಚುವರಿ ಶಿಕ್ಷಕಿಯಿದ್ದ ಮಕ್ಕಳಿಗಿಂತ ಮನೆಯಲ್ಲಿ ಓದಿದ ಮಕ್ಕಳು ಹೆಚ್ಚು ಮುಂದೆ ಬಂದರು. ಆ ಹೆತ್ತವರಲ್ಲಿ ಇಂಗ್ಲಿಷ್ ಓದಲು ಬಾರದವರೂ, ಮಾತನಾಡಲೂ ಬಾರದವರೂ ಇದ್ದರು. ಮುಂದೆ ಬೇರೆಡೆ ನಡೆದ ಇಂತಹ ಪ್ರಯತ್ನಗಳೆಲ್ಲವೂ ಇಷ್ಟೇ ಫಲ ಕೊಟ್ಟವೆಂದು ಹೇಳಲಾಗದು. ಆದರೂ ಓದು ಬಾರದ ತಾಯಿಯಿಂದ ಮಗುವಿನ ಓದಿಗೆ ಏನೂ ಆಗದು ಎಂಬ ಮಾತು ನಿಲ್ಲಲಿಲ್ಲ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಮಾತನಾಡಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಕಲಿಯುವ ನಮ್ಮ ಮಕ್ಕಳ ತಾಯಂದಿರಿಗೆ ಇದನ್ನು ತಿಳಿಸಬೇಕು. ಕೆಲಸ ಮುಗಿಸಿ ದಿನಕ್ಕೆ ಹತ್ತು ನಿಮಿಷ ಮಗುವಿನ ಬಳಿ ಕುಳಿತು ‘ಓದು, ನಾನು ಕೇಳುತ್ತೇನೆ’ ಎಂದರೆ ಅದೂ ಶಿಕ್ಷಣವೇ.

ಈ ವರದಿ ಅಚ್ಚಾಗುವುದನ್ನು ನೋಡಲು ಟಿಜಾರ್ಡ್ ಬದುಕಿರಲಿಲ್ಲ. 1979ರಲ್ಲಿ ಅವರು ನಿಧನರಾದರು. ಅವರ ಪತ್ನಿ ಬಾರ್ಬರಾ ಟಿಜಾರ್ಡ್, ತಾವೂ ಹೆಸರಾಂತ ಮನಶ್ಶಾಸ್ತ್ರಜ್ಞೆ, ಆ ಘಟಕವನ್ನು ಮುಂದೆ ನಡೆಸಿದರು.

ನಮ್ಮ ದೇಶದಲ್ಲಿ

ಭಾರತದಲ್ಲಿಯೂ ಇದೇ ದಾರಿಯಲ್ಲಿ ಕಾನೂನುಗಳು ಬಂದಿವೆ. ಕೇಂದ್ರ ಸರಕಾರ 1974ರಲ್ಲಿ ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಯೋಜನೆಯನ್ನು ಆರಂಭಿಸಿತು. 1995ರ ಕಾಯ್ದೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಭರವಸೆ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಗೆ ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಬುದ್ಧಿಮಾಂದ್ಯ, ಆಟಿಸಂ ಮಾತ್ರವಲ್ಲ, ಓದು ಬರಹ ಲೆಕ್ಕಗಳಲ್ಲಿ ತೊಡಕುಂಟುಮಾಡುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಇಂತಹ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂದು ಅದು ಹೇಳುತ್ತದೆ.

ಮದ್ರಸಗಳ ವಿಷಯ ಬೇರೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಮದ್ರಸ, ವೇದ ಪಾಠಶಾಲೆ ಮುಂತಾದ ಧಾರ್ಮಿಕ ಶಿಕ್ಷಣದ ಕೇಂದ್ರಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಮಾತು ಬಾರದ ಹುಡುಗನಿಗೆ, ಕಾಲು ಬಾರದ ಹುಡುಗಿಗೆ ಅಲ್ಲಿ ಜಾಗ ಕೊಡಿಸಲು ಶಿಕ್ಷಣ ಹಕ್ಕು ಕಾಯ್ದೆಯ ಒತ್ತಾಯವಿಲ್ಲ. ಹಾಗೆಂದು ಹೊಣೆಯೂ ಇಲ್ಲವೆಂದು ಯಾರಾದರೂ ಭಾವಿಸಿದರೆ ‘ಅಬಸ’ ಅಧ್ಯಾಯವನ್ನು ಅರ್ಥಸಹಿತ ಮತ್ತೊಮ್ಮೆ ಓದಲಿ.

ನಮ್ಮ ಪಾಲಿನ ಕೆಲಸ

ಓದುಗರೇ, ನಮ್ಮ ಸಂಘಟನೆಗಳ ವಾರ್ಷಿಕ ಸಂಚಿಕೆಗಳನ್ನು ತಿರುವಿ ಹಾಕಿದರೆ ರ‍್ಯಾಂಕ್ ಪಡೆದ, ಡಿಸ್ಟಿಂಕ್ಷನ್ ಪಡೆದ ಮಕ್ಕಳ ಭಾವಚಿತ್ರಗಳು ಪುಟಗಟ್ಟಲೆ ಇರುತ್ತವೆ. ಅದು ಆಗಬೇಕಾದದ್ದೇ. ಹಿಂದುಳಿದ ಸಮುದಾಯಕ್ಕೆ ಆ ಚಿತ್ರಗಳು ಧೈರ್ಯ ಕೊಟ್ಟಿವೆ. ಆದರೆ ಅದೇ ಮೊಹಲ್ಲಾದಲ್ಲಿ, ನೆಂಟರು ಬಂದಾಗ ಒಳಕೋಣೆಗೆ ಕಳುಹಿಸಲ್ಪಡುವ ಒಂದು ಮಗು ಇರಬಹುದು. ಶಾಲೆಗೆ ಎರಡು ವರ್ಷ ಹೋಗಿ, ‘ತಲೆಗೆ ಹತ್ತುವುದಿಲ್ಲ’ ಎಂದು ಹಿಂದಿರುಗಿದ ಇನ್ನೊಂದು ಮಗುವೂ ಇರಬಹುದು. ಶೇಕಡಾ ನೂರು ಫಲಿತಾಂಶ ಉಳಿಸಿಕೊಳ್ಳಲು ಎಂಟನೆಯ ತರಗತಿಯಲ್ಲಿಯೇ ವರ್ಗಾವಣೆ ಪತ್ರ ಪಡೆದ ಹುಡುಗನೂ ಆ ಊರಿನವನೇ. ಇವರ ಲೆಕ್ಕ ನಮ್ಮ ಯಾವ ವರದಿಯಲ್ಲಿಯೂ ಇಲ್ಲ.

ಹಾಗಾದರೆ ಏನು ಮಾಡಬಹುದು? ಮೊದಲನೆಯದಾಗಿ, ಪ್ರತಿ ಜಮಾಅತಿನ ವ್ಯಾಪ್ತಿಯಲ್ಲಿ ಶಾಲೆಗೆ ಹೋಗದ, ಹೋಗಿ ಬಿಟ್ಟ ಮಕ್ಕಳ ಪಟ್ಟಿ ಮಾಡಬಹುದು. ಎರಡನೆಯದಾಗಿ, ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಭೇಟಿಯಾಗಿ, ವೈದ್ಯಕೀಯ ತಪಾಸಣೆ, ಗುರುತಿನ ಚೀಟಿ, ಗೃಹಾಧಾರಿತ ಶಿಕ್ಷಣದ ವಿಷಯವನ್ನು ಕೇಳಿ ತಿಳಿಯಬಹುದು. ಮೂರನೆಯದಾಗಿ, ನಮ್ಮದೇ ಶಾಲೆಗಳಲ್ಲಿ ಒಬ್ಬ ಶಿಕ್ಷಕಿಗಾದರೂ ವಿಶೇಷ ಶಿಕ್ಷಣದ ತರಬೇತಿ ಕೊಡಿಸಬಹುದು. ಈ ಸಾಲಿನ ವಿದ್ಯಾರ್ಥಿವೇತನಗಳಲ್ಲಿ ಒಂದನ್ನು ವಿಶೇಷ ಶಿಕ್ಷಣದ ಬಿ.ಎಡ್. ಓದುವವರಿಗೆ ಮೀಸಲಿಟ್ಟರೆ ಅದರ ಫಲ ಮೂವತ್ತು ವರ್ಷ ಬರುತ್ತದೆ.

ಮತ್ತು ವಿದ್ಯಾರ್ಥಿಗಳೇ, ನಿಮ್ಮ ತರಗತಿಯಲ್ಲಿ ಪಾಠ ಹಿಂದೆ ಬಿದ್ದ ಗೆಳೆಯನನ್ನು ಹೆಸರಿಟ್ಟು ಕರೆಯುವ ಮೊದಲು ಒಂದು ನಿಮಿಷ ಯೋಚಿಸಿ. ಫೌಂಟನ್ ಆಸ್ಪತ್ರೆಯಿಂದ ಹೊರಬಂದ ಆ ಹದಿನಾರು ಮಕ್ಕಳ ಹೆಸರು ನಮಗೆ ತಿಳಿಯದು. ಅವರು ಪದವಿ ಪಡೆಯಲಿಲ್ಲ, ರ‍್ಯಾಂಕ್ ಗಳಿಸಲಿಲ್ಲ. ಎರಡು ವರ್ಷದಲ್ಲಿ ಒಂದಿಷ್ಟು ಮಾತು, ಒಂದಿಷ್ಟು ಆಟ ಕಲಿತರು, ಅಷ್ಟೇ. ಅಷ್ಟನ್ನು ಕಲಿತದ್ದರಿಂದಲೇ, ತಮ್ಮ ನಂತರ ಬಂದ ಸಾವಿರಾರು ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ಅವರೂ ಕಾರಣರಾದರು.

ಜ್ಞಾನವನ್ನು ಅರಸಿ ಬಂದ ಯಾರಿಂದಲೂ ಮುಖ ತಿರುಗಿಸದಿರುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಸಂಸ್ಥೆಗಳಿಗೂ ಕರುಣಿಸಲಿ. ಆಮೀನ್.